ಮನೆ ನೋಡುವ ಶಾಸ್ತ್ರ

ಬಡವರ ಮನೆಗೆ ಹೋಗಿ, ಅವರ ಬಡತನ ನಿಜವೋ ಸುಳ್ಳೋ ಎಂದು ತೀರ್ಮಾನ ಮಾಡುವ ಕೆಲಸವನ್ನು ನಾನು ಏಳು ವರ್ಷ ಮಾಡಿದೆ. ಸಂಬಳವಿಲ್ಲದ ಕೆಲಸ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದ ಮೇಲೆ, ಇಡೀ ದಿನ ಮನೆಯಲ್ಲೇ ಕೂತರೆ ನನ್ನ ಬಾಯಿಗೆ ಸಿಕ್ಕುವವರು ತಾವೊಬ್ಬರೇ ಆಗುತ್ತೇವೆಂದು ಹೆದರಿ, ನನ್ನ ಗಂಡನೇ ನನ್ನನ್ನು ಈ ವಿದ್ಯಾನಿಧಿಗೆ ಸೇರಿಸಿದರು. ಶಿವಮೊಗ್ಗದ ಕೆಲವು ಉಳ್ಳವರು ಸೇರಿ ಮಾಡಿಕೊಂಡಿದ್ದ ಸಣ್ಣ ನಿಧಿ ಅದು. ಪಿಯುಸಿ ಮುಗಿಸಿ ವಿಶ್ವವಿದ್ಯಾಲಯಕ್ಕೆ ಸೇರುವ ಬಡ ಮಕ್ಕಳಿಗೆ ಮೊದಲ ವರ್ಷದ ಶುಲ್ಕವನ್ನೂ ಹಾಸ್ಟೆಲ್ಲಿನ ಠೇವಣಿಯನ್ನೂ ಕಟ್ಟುವುದು ಅದರ ಕೆಲಸ. ಸರ್ಕಾರದ ವಿದ್ಯಾರ್ಥಿವೇತನ ಬರುವುದಿಲ್ಲವೆಂದಲ್ಲ. ಬರುತ್ತದೆ, ಆದರೆ ಮೊದಲು ಕಟ್ಟಿ ಸೇರಿಕೊಂಡವರಿಗೆ, ಎಷ್ಟೋ ತಿಂಗಳಾದ ಮೇಲೆ ಬರುತ್ತದೆ. ಕಟ್ಟಲು ಗತಿಯಿಲ್ಲದವರು ಸೇರುವುದೇ ಇಲ್ಲವಾದ್ದರಿಂದ ಅವರಿಗೆ ಬರುವ ಮಾತೇ ಇಲ್ಲ. ಆ ಮೊದಲ ಮೆಟ್ಟಿಲು ಹತ್ತಿಸುವುದಕ್ಕೆ ನಾವಿದ್ದೇವೆ ಎಂದು ನಮ್ಮ ಅಧ್ಯಕ್ಷರು ಪ್ರತಿ ಸಭೆಯಲ್ಲೂ ಹೇಳುತ್ತಿದ್ದರು.

ಅಧ್ಯಕ್ಷರು ಎಪಿಎಂಸಿ ಯಾರ್ಡಿನಲ್ಲಿ ಅಡಿಕೆ ಮಂಡಿ ಇಟ್ಟವರು. ಕೆಟ್ಟವರೆಂದು ನಾನು ಹೇಳಲಾರೆ. ಚೀಲಕ್ಕೆ ಕೈ ಹಾಕಿ, ತಳದಿಂದ ನಾಲ್ಕು ಅಡಿಕೆ ತೆಗೆದು, ಕತ್ತರಿಸಿ ನೋಡದೆ ಒಂದು ಚೀಲವನ್ನೂ ಕೊಂಡವರಲ್ಲ. ಅದೇ ಪದ್ಧತಿಯನ್ನು ವಿದ್ಯಾನಿಧಿಗೂ ತಂದಿದ್ದರು. "ಅರ್ಜೀಲಿ ಯಾರು ಬೇಕಾದ್ರೂ ಬಡವ್ರಾಗ್ತಾರೆ ಮೇಡಂ. ಮನೆ ನೋಡ್ಬೇಕು, ಮನೆ" ಎನ್ನುತ್ತಿದ್ದರು. ಹಾಗಾಗಿ ಅರ್ಜಿ ಹಾಕಿದವರ ಮನೆಗಳಿಗೆ ಅವರೂ ನಾನೂ ಅವರ ಕಾರಿನಲ್ಲಿ ಹೋಗುತ್ತಿದ್ದೆವು. ಮನೆಯಲ್ಲಿ ಟಿವಿ ಇದೆಯೇ, ಫ್ರಿಡ್ಜ್ ಇದೆಯೇ, ಸೋಫಾ ಇದೆಯೇ, ಹೆಂಗಸರ ಮೈಮೇಲೆ ಚಿನ್ನ ಇದೆಯೇ ಎಂದು ಗುರುತು ಹಾಕಲು ಒಂದು ನಮೂನೆ ಇತ್ತು. ಅದನ್ನು ತಯಾರಿಸಿದವಳು ನಾನೇ. ಒಂದೊಂದು ಸಾಮಾನಿಗೂ ಇಷ್ಟಿಷ್ಟು ಅಂಕ ಕಳೆಯುವ ಹಾಗೆ ಮಾಡಿದ್ದೆ. ಜೀವಮಾನವೆಲ್ಲ ಅಂಕ ಕಳೆದವಳಿಗೆ ಅದು ಕಷ್ಟವಾಗಲಿಲ್ಲ.

ನಾನು ಹೇಳಬೇಕೆಂದಿರುವುದು ಕೊನೆಯ ವರ್ಷದ ಮಾತು. ಆ ವರ್ಷ ಹಂಚಿ ಹಂಚಿ ಕೊನೆಗೆ ಒಬ್ಬರಿಗೆ ಆಗುವಷ್ಟು ಹಣ ಉಳಿದಿತ್ತು. ಉಳಿದ ಅರ್ಜಿಗಳು ಎರಡು. ಒಂದು ಹೊಳಲೂರು ಕಡೆಯ ಒಬ್ಬ ಹುಡುಗನದು. ಇನ್ನೊಂದು ಭದ್ರಾವತಿಯ ಕಾಗದನಗರದ ಹುಡುಗಿಯದು. ಅವಳಿಗೆ ಸಿಇಟಿಯಲ್ಲಿ ಕೃಷಿ ವಿಶ್ವವಿದ್ಯಾಲಯದ ಸೀಟು ಸಿಕ್ಕಿತ್ತು. ಶುಕ್ರವಾರ ಸಂಜೆಯೊಳಗೆ ಶುಲ್ಕ ಕಟ್ಟಬೇಕು, ಇಲ್ಲದಿದ್ದರೆ ಸೀಟು ಬೇರೆಯವರ ಪಾಲು. ನಾವು ಮನೆ ನೋಡಲು ಹೊರಟದ್ದು ಅದರ ಹಿಂದಿನ ಭಾನುವಾರ. ಇದಿಷ್ಟೂ ನನಗೆ ಗೊತ್ತಿತ್ತು, ಅರ್ಜಿಯ ಮೇಲೆ ಕೆಂಪು ಶಾಯಿಯಲ್ಲಿ ದಿನಾಂಕ ಬರೆದವಳೂ ನಾನೇ.

ಬೆಳಿಗ್ಗೆ ಹೊಳಲೂರು ಕಡೆಯ ಮನೆ ಮುಗಿಸಿದೆವು. ಅಲ್ಲಿಯ ಜನ ಬುದ್ಧಿವಂತರು. ನಮ್ಮನ್ನು ಕೂರಿಸಿದ್ದು ಹಿಂದುಗಡೆಯ ಹಳೇ ಭಾಗದಲ್ಲಿ, ಹರಿದ ಚಾಪೆಯ ಮೇಲೆ. ಹುಡುಗನ ಅಪ್ಪ ಬನಿಯನ್ನಿನಲ್ಲಿ ಕೈಕಟ್ಟಿ ನಿಂತಿದ್ದ, ಬನಿಯನ್ನಿಗೂ ಎರಡು ತೂತು. ಅಂಗಳದ ಮಣ್ಣಿನಲ್ಲಿ ಟ್ರ್ಯಾಕ್ಟರ್ ಗಾಲಿಯ ಗುರುತು ಹಸಿಹಸಿಯಾಗಿತ್ತು, ಟ್ರ್ಯಾಕ್ಟರ್ ಮಾತ್ರ ಯಾವುದೋ ನೆಂಟರ ಶೆಡ್ಡಿಗೆ ಹೋಗಿ ಕೂತಿತ್ತು. ಅಧ್ಯಕ್ಷರ ಕಣ್ಣಿಗೆ ಗಾಲಿಯ ಗುರುತು ಬೀಳಲಿಲ್ಲ. ನನಗೆ ಬಿತ್ತು. ನನಗೆ ಅವರ ಮೇಲೆ ಸಿಟ್ಟೇನೂ ಬರಲಿಲ್ಲ. ಪರೀಕ್ಷೆಗೆ ಏನು ಕೇಳುತ್ತಾರೆಂದು ತಿಳಿದು ಓದಿಕೊಂಡು ಬಂದ ವಿದ್ಯಾರ್ಥಿಯನ್ನು ಕಂಡ ಸಮಾಧಾನವಾಯಿತು.

ಕಾಗದನಗರಕ್ಕೆ ಹೋಗುವಾಗ ಮಧ್ಯಾಹ್ನವಾಗಿತ್ತು. ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲೇ. ಈ ಮಾತನ್ನು ನಾನು ಶಿವಮೊಗ್ಗದಲ್ಲಿ ಹೆಚ್ಚಿಗೆ ಹೇಳುವುದಿಲ್ಲ. ನನ್ನ ಅಪ್ಪ ಅಲ್ಲಿಯ ಕಾಗದದ ಮಿಲ್ಲಿನಲ್ಲಿ ಕಂಟ್ರಾಕ್ಟ್ ಕೂಲಿ, ಪರ್ಮನೆಂಟ್ ಅಲ್ಲ. ಪರ್ಮನೆಂಟ್ ಆದವರಿಗೆ ಕಾಗದನಗರದಲ್ಲಿ ಕ್ವಾರ್ಟರ್ಸು, ನಲ್ಲಿ ನೀರು, ಕರೆಂಟು. ನಮಗೆ ಹೊರಗಿನ ಗುಡಿಸಲು. ಶಾಲೆಯಲ್ಲಿ ಕಾಗದನಗರದಿಂದ ಬರುವ ಹುಡುಗಿಯರು ಇದ್ದರು, ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು. ಪುಸ್ತಕಕ್ಕೆ ಹಾಕಲು ಅವರ ಬಳಿ ಮಿಲ್ಲಿನ ಒಳ್ಳೆಯ ಕಾಗದವೇ ಇರುತ್ತಿತ್ತು. ಮಿಲ್ಲು ನಿಂತು ಈಗ ವರ್ಷಗಳೇ ಆದವು. ಕ್ವಾರ್ಟರ್ಸಿನ ಗೋಡೆಗಳ ಗಾರೆ ಬಿದ್ದು, ಎಷ್ಟೋ ಮನೆಗಳ ಕಿಟಕಿಗಳನ್ನು ಯಾರೋ ಕಿತ್ತುಕೊಂಡು ಹೋಗಿ, ಮುಳ್ಳುಗಿಡ ಬೆಳೆದಿದೆ. ಕಾರು ಆ ರಸ್ತೆಗೆ ತಿರುಗಿದಾಗ ನನಗೆ ಸಂಕಟವಾಗಬೇಕಿತ್ತು. ಆಗಲಿಲ್ಲ. ಆಗಲಿ, ಇವರಿಗೂ ತಿಳಿಯಲಿ ಅನ್ನಿಸಿತು. ಅಷ್ಟು ವಯಸ್ಸಾದ ಹೆಂಗಸಿಗೆ ಬರಬಾರದ ಯೋಚನೆ ಅದು.

ಹುಡುಗಿಯ ಮನೆಯ ಮುಂದೆ ದೊಡ್ಡ ರಂಗೋಲಿ ಇತ್ತು. ಹೊಸಿಲಿಗೆ ಅರಿಶಿನ ಬಳಿದಿದ್ದರು. ಒಳಗೆ ಕಾಲಿಟ್ಟರೆ ಕಂದು ಬಣ್ಣದ ಮೂರು ಜನರ ಸೋಫಾ, ಅದಕ್ಕೆ ಕ್ರೋಶಾ ಹೆಣಿಗೆಯ ಹೊದಿಕೆ. ಮೂಲೆಯಲ್ಲಿ ಎದೆಮಟ್ಟದ ಫ್ರಿಡ್ಜ್, ಅದರ ಮೇಲೆ ಪ್ಲಾಸ್ಟಿಕ್ ಹೂವು. ಅಪ್ಪ ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿಕೊಂಡಿದ್ದ. ಏನು ಕೆಲಸ ಎಂದು ಅಧ್ಯಕ್ಷರು ಕೇಳಿದರು.

"ಸೆಕ್ಯುರಿಟಿ ಫೀಲ್ಡಲ್ಲಿದ್ದೀನಿ ಸರ್. ಸೋಗಾನೆ ಕಡೆ."

"ಓ, ಏರ್‌ಪೋರ್ಟಾ?"

ಆತ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ, ನಕ್ಕ. ಸೋಗಾನೆ ರಸ್ತೆಯ ಒಂದು ಗೋಡೌನಿನಲ್ಲಿ ಕಾವಲುಗಾರ ಎಂದು ಅರ್ಜಿಯಲ್ಲಿ ಬರೆದಿತ್ತು. ಅರ್ಜಿ ನನ್ನ ತೊಡೆಯ ಮೇಲೇ ಇತ್ತು. ಅಧ್ಯಕ್ಷರು ಅದನ್ನು ಓದಿರಲಿಲ್ಲ, ಅವರು ಚೀಲ ನೋಡುವವರೇ ಹೊರತು ಚೀಟಿ ನೋಡುವವರಲ್ಲ. ನಾನೂ ಬಾಯಿ ಬಿಡಲಿಲ್ಲ.

ತಾಯಿ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ಕೇಸರಿಬಾತು, ಖಾರಾಬಾತು, ಕಾಫಿ ತಂದಿಟ್ಟಳು. ತುಪ್ಪ ಕೈಗೆ ಅಂಟುವಷ್ಟಿತ್ತು. ಅಧ್ಯಕ್ಷರು ಎರಡನೇ ಸಲ ಹಾಕಿಸಿಕೊಂಡರು. ನಾನು ಕಾಫಿ ಕುಡಿದು ಲೋಟ ಕೆಳಗಿಡುವಾಗ ಅದರ ತಳ ನೋಡಿದೆ, ನನಗದು ಅಭ್ಯಾಸ. ಸ್ಟೀಲಿನ ಲೋಟದ ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ಒಂದು ತಮಿಳು ಹೆಸರು ಕೊರೆದಿತ್ತು. ಪಕ್ಕದ ನೀರಿನ ಲೋಟದಲ್ಲಿ ತೆಲುಗು ಹೆಸರು. ಅಧ್ಯಕ್ಷರು ಇಟ್ಟ ಲೋಟದಲ್ಲಿ ಕನ್ನಡದ್ದೇ, ಆದರೆ ಈ ಮನೆಯವರದಲ್ಲದ ಹೆಸರು. ಆಮೇಲೆ ಫ್ರಿಡ್ಜಿನ ಕಡೆ ನೋಡಿದೆ. ಅದರ ವಯರು ಸುರುಳಿ ಸುತ್ತಿ ಹಿಂದೆ ನೇತುಹಾಕಿತ್ತು, ಆ ಮೂಲೆಯಲ್ಲಿ ಪ್ಲಗ್ಗೇ ಇರಲಿಲ್ಲ. ಕೆಂಪು ಗಾರೆಯ ನೆಲದ ಮೇಲೆ ಬಾಗಿಲಿನಿಂದ ಸೋಫಾದ ಕಾಲಿನವರೆಗೆ ಹೊಸದಾಗಿ ಗೀಚಿದ ಎರಡು ಗೆರೆಗಳಿದ್ದವು.

ನನಗೆ ಎಲ್ಲಾ ಅರ್ಥವಾಯಿತು. ಈ ಲೈನ್ ಮನೆಗಳಲ್ಲಿ ಒಂದು ಪದ್ಧತಿಯಿದೆ. ಯಾರದೇ ಮನೆಗೆ ಹೆಣ್ಣು ನೋಡಲು ಗಂಡಿನವರು ಬರಲಿ, ಸಾಲಿನ ಮನೆಯವರೆಲ್ಲ ತಮ್ಮಲ್ಲಿರುವ ಒಳ್ಳೆಯ ಸಾಮಾನನ್ನು ಹೊತ್ತು ತಂದು ಆ ಮನೆಯಲ್ಲಿ ಇಡುತ್ತಾರೆ. ಒಬ್ಬರ ಸೋಫಾ, ಇನ್ನೊಬ್ಬರ ಫ್ರಿಡ್ಜು, ಮತ್ತೊಬ್ಬರ ಲೋಟ, ಮಗದೊಬ್ಬರ ಜುಮುಕಿ. ಮಿಲ್ಲು ನಡೆಯುತ್ತಿದ್ದ ಕಾಲದಲ್ಲೂ ಹಾಗೇ ಇತ್ತು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಕಾಗದನಗರದ ಹುಡುಗಿ ಇದನ್ನು ನಗುತ್ತಾ ಹೇಳಿದ್ದಳು. ಈಗ ಶಿವಮೊಗ್ಗದಿಂದ ದೊಡ್ಡವರು ಮನೆ ನೋಡಲು ಬರುತ್ತಾರೆಂದು ತಿಳಿದಾಗ, ಇಡೀ ಲೈನು ತನಗೆ ಗೊತ್ತಿದ್ದ ಒಂದೇ ಶಾಸ್ತ್ರವನ್ನು ಮಾಡಿತ್ತು. ಆಷಾಢವಾದ್ದರಿಂದ ಸೋಫಾ ಬೇರೆ ಯಾರಿಗೂ ಬೇಕಿರಲಿಲ್ಲ.

ಹುಡುಗಿ ಕಿವಿಗೆ ಚಿನ್ನದ ಜುಮುಕಿ ಹಾಕಿಕೊಂಡು ಬಂದು ಎದುರು ನಿಂತಳು. ಕೃಷಿ ಓದಿ ಏನು ಮಾಡುತ್ತೀಯ, ನಿಮಗೆ ಒಂದು ಗುಂಟೆಯೂ ಜಮೀನಿಲ್ಲವಲ್ಲ ಎಂದು ಅಧ್ಯಕ್ಷರು ತಮಾಷೆ ಮಾಡಿದರು.

"ಜಮೀನು ಇರೋವ್ರಿಗೆ ಮಣ್ಣು ಪರೀಕ್ಷೆ ಮಾಡಿಕೊಡ್ತೀನಿ ಸರ್. ಅವ್ರಿಗೆ ಜಮೀನಿರುತ್ತೆ, ಅದರೊಳಗೆ ಏನಿದೆ ಅಂತ ಗೊತ್ತಿರಲ್ಲ" ಎಂದಳು.

ಅವಳ ಕತ್ತು ನೇರವಾಗಿತ್ತು. ಕೈ ಹಿಂದೆ ಕಟ್ಟಿಕೊಂಡಿರಲಿಲ್ಲ, ಮುಂದೆ ಮುಗಿದುಕೊಂಡೂ ಇರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, ನೀವು ಭದ್ರಾವತಿಯವ್ರಾ? ನೀವು ಮಾತಾಡೋದು ನಮ್ಮೂರ ತರಾನೇ ಇದೆ" ಎಂದು ಕೇಳಿದಳು.

"ಅಲ್ಲ, ಶಿವಮೊಗ್ಗ" ಎಂದೆ.

ಕಾರು ಹತ್ತಿದ ಮೇಲೆ ಅಧ್ಯಕ್ಷರು ತೇಗಿ, "ನೀವೇ ಹೇಳಿ ಮೇಡಂ, ನಮ್ಮ ಮಂಡಿ ರೈಟರ್ ಮನೇಲೂ ಇಂಥ ಸೋಫಾ ಇಲ್ಲ. ಏರ್‌ಪೋರ್ಟ್ ಕೆಲ್ಸ ಬೇರೆ. ನಾವ್ಯಾಕೆ ಕೊಡ್ಬೇಕು ಮಾರಾಯ್ತಿ?" ಎಂದರು. ಸಲಿಗೆ ಬಂದಾಗ ನನ್ನನ್ನು ಹಾಗೆ ಕರೆಯುವುದು ಅವರ ರೂಢಿ. ನಾನು ಒಂದೇ ಮಾತು ಹೇಳಿದ್ದರೆ ಸಾಕಿತ್ತು. ಸರ್, ಲೋಟದ ತಳ ನೋಡಿದಿರಾ ಎಂದಿದ್ದರೆ ಅವರು ಕಾರು ತಿರುಗಿಸುತ್ತಿದ್ದರು, ಅಂಥ ಮನುಷ್ಯ. ನಾನು ನಮೂನೆಯಲ್ಲಿ ಸೋಫಾ, ಫ್ರಿಡ್ಜ್, ಚಿನ್ನದ ಎದುರು ಗುರುತು ಹಾಕಿ, ಅಂಕ ಕಳೆದು, ಕೆಳಗೆ 'ನೆರವಿನ ಅಗತ್ಯ ಕಂಡುಬರಲಿಲ್ಲ' ಎಂದು ಬರೆದೆ. ನನ್ನ ಅಕ್ಷರ ಯಾವಾಗಲೂ ಚೆನ್ನಾಗಿರುತ್ತದೆ.

ಬುಧವಾರ ಹುಡುಗಿಗೆ ಫೋನ್ ಮಾಡಿ, ಈ ಸಲ ಆಗಲಿಲ್ಲವೆಂದು ತಿಳಿಸಿದೆ. ಅವಳು "ಸರಿ ಮೇಡಂ" ಎಂದಳು, ಯಾಕೆಂದು ಕೇಳಲಿಲ್ಲ. ಅದೂ ನನಗೆ ಸರಿಬರಲಿಲ್ಲ. ಅಳಬೇಕಿತ್ತು, ಅಳದಿದ್ದರೆ ಹೇಗೆ ನಂಬುವುದು ಎಂದು ಗಂಡನ ಹತ್ತಿರ ಹೇಳಿದ್ದೂ ನೆನಪಿದೆ. ಅವರು ಪೇಪರ್ ಓದುತ್ತಿದ್ದರು, ಓದುತ್ತಲೇ ಇದ್ದರು.

ಗುರುವಾರ ಬೆಳಿಗ್ಗೆ ತಾಯಿ ಬಂದಳು. ಭದ್ರಾವತಿಯಿಂದ ಮೊದಲ ಬಸ್ಸು ಹಿಡಿದು, ಅರ್ಜಿಯ ರಸೀದಿಯಲ್ಲಿ ಅಧ್ಯಕ್ಷರ ಮಂಡಿಯ ವಿಳಾಸದ ಕೆಳಗಿದ್ದ ನನ್ನ ವಿಳಾಸ ಕೇಳಿಕೊಂಡು, ವಿನೋಬನಗರದ ನಮ್ಮ ಗೇಟಿನ ಮುಂದೆ ನಿಂತಿದ್ದಳು. ಕೈಯಲ್ಲಿ ಒಂದು ಡಬ್ಬಿ ಕೋಡುಬಳೆ. ನಾನು ಡಬ್ಬಿ ಇಸಿದುಕೊಂಡೆ, ಅವಳನ್ನು ಮೆಟ್ಟಿಲ ಮೇಲೆ ನಿಲ್ಲಿಸಿಕೊಂಡೇ ಮಾತಾಡಿದೆ. ಅವರ ಮನೆಯಲ್ಲಿ ನನ್ನನ್ನು ಹೇಗೆ ಕೂರಿಸಿದ್ದರೆಂದು ನನಗೆ ಆಗ ನೆನಪಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

"ಯಾಕೆ ಆಗ್ಲಿಲ್ಲ ಅಂತ ಒಂದು ಮಾತು ಹೇಳಿ ಮೇಡಂ. ಮಾರ್ಕ್ಸ್ ಕಮ್ಮಿ ಆಯ್ತಾ?"

"ಮಾರ್ಕ್ಸ್ ಅಲ್ಲ. ಮನೇಲಿ ಸೋಫಾ ಇದೆ, ಅಷ್ಟು ದೊಡ್ಡ ಫ್ರಿಡ್ಜ್ ಇದೆ, ಮಗಳ ಕಿವೀಲಿ ಜುಮುಕಿ ಇದೆ. ನಿಮಗಿಂತ ಕಷ್ಟದಲ್ಲಿರೋರು ಇದ್ದಾರೆ."

ಅವಳ ಮುಖ ಒಮ್ಮೆಗೇ ಅರಳಿತು. ನನ್ನ ಜೀವನದಲ್ಲಿ ಅಷ್ಟು ಬೇಗ ಅರಳಿದ ಮುಖವನ್ನು ನಾನು ಕಂಡಿಲ್ಲ. "ಅಯ್ಯೋ, ಅಷ್ಟೇನಾ! ನಾನು ಏನೋ ಅಂತ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ಮೇಡಂ! ಅದು ಒಂದೂ ನಮ್ದಲ್ಲ! ಸೋಫಾ ಕೊನೇ ಮನೆಯವ್ರದು, ಫ್ರಿಡ್ಜು ತಮಿಳು ಅಕ್ಕಂದು, ಜುಮುಕಿ ಎದುರು ಮನೆ ಸೊಸೇದು. ನಮ್ಮನೇಲಿ ಕೂರೋಕೆ ಎರಡು ಸ್ಟೂಲು, ಒಂದು ಕಬ್ಬಿಣದ ಮಂಚ ಬಿಟ್ರೆ ಏನೂ ಇಲ್ಲ. ಬೇಕಾದ್ರೆ ಈಗ್ಲೇ ಬಂದು ನೋಡಿ, ಲೈನ್ ಪೂರ್ತಿ ಬಂದು ಹೇಳ್ತಾರೆ" ಎಂದು ನಗುತ್ತಾ, ಸೆರಗಿನಿಂದ ಕತ್ತು ಒರೆಸಿಕೊಂಡಳು. ತಪ್ಪು ತಿಳುವಳಿಕೆ, ಈಗ ಸರಿಹೋಯಿತು, ಮಗಳ ಸೀಟು ಉಳಿಯಿತು ಎಂದು ಅವಳು ನಂಬಿಬಿಟ್ಟಿದ್ದಳು.

"ಹಾಗಾದ್ರೆ ನೀವು ನಮ್ಮ ಕಣ್ಣಿಗೆ ಮಣ್ಣೆರಚಿದ್ರಿ" ಎಂದೆ ನಾನು.

ಅವಳ ನಗು ಸ್ವಲ್ಪ ಹೊತ್ತು ಮುಖದ ಮೇಲೇ ಉಳಿದಿತ್ತು. "ಮಣ್ಣಾ? ಇಲ್ಲ ಮೇಡಂ... ಅಷ್ಟು ದೂರದಿಂದ ಬಂದವ್ರನ್ನ ಸ್ಟೂಲ್ ಮೇಲೆ ಹೆಂಗೆ ಕೂರ್ಸೋದು ಅಂತ..."

"ವರದಿ ಹೋಗಿಯಾಯ್ತು. ಇನ್ನು ನನ್ನ ಕೈಲಿ ಏನೂ ಇಲ್ಲ."

ವರದಿ ಎಲ್ಲಿಗೂ ಹೋಗಿರಲಿಲ್ಲ. ಮಾರನೆಯ ದಿನ ಮಂಡಿಯಲ್ಲಿ ಅಧ್ಯಕ್ಷರಿಗೆ ಕೊಡಬೇಕಾಗಿತ್ತು. ಅದು ಒಳಗೆ ನನ್ನ ಚೀಲದಲ್ಲಿ, ಕನ್ನಡಕದ ಡಬ್ಬಿಯ ಪಕ್ಕದಲ್ಲಿತ್ತು. ತೆಗೆದು ಹರಿದು ಇನ್ನೊಂದು ಬರೆಯಲು ಹತ್ತು ನಿಮಿಷ ಸಾಕಿತ್ತು. ಬರೆದರೆ ಅಧ್ಯಕ್ಷರು ಕೇಳುತ್ತಿದ್ದರು, ಅವತ್ತೇ ನಿಮಗೆ ಗೊತ್ತಾಗಲಿಲ್ಲವೇ ಎಂದು. ಗೊತ್ತಾಗಿತ್ತು ಎನ್ನಬೇಕಿತ್ತು. ಇದು ಒಂದು ಕಾರಣ. ಇನ್ನೊಂದು ಕಾರಣವನ್ನು ನಾನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ನನಗೆ ಹೊಟ್ಟೆಕಿಚ್ಚು.

ನಾನೂ ಇಂಥದೇ ನೆರವು ಪಡೆದು ಕಾಲೇಜು ಸೇರಿದವಳು. ನಮ್ಮ ಗುಡಿಸಲಿಗೂ ಒಬ್ಬ ಸಾಹುಕಾರರು ಹೆಂಡತಿಯನ್ನು ಕರೆದುಕೊಂಡು ನೋಡಲು ಬಂದಿದ್ದರು. ಅವರು ಬರುವ ಮೊದಲು ನನ್ನ ಅವ್ವ, ಇದ್ದ ಎರಡು ಹಿತ್ತಾಳೆ ಕೊಡಗಳನ್ನು ಪಕ್ಕದವರ ಮನೆಗೆ ಸಾಗಿಸಿದಳು. ನನ್ನ ಕಿವಿಯ ಓಲೆ ಬಿಚ್ಚಿಸಿ ಕಡ್ಡಿ ಸಿಕ್ಕಿಸಿದಳು. ತಲೆ ಬಾಚಿಕೊಂಡಿದ್ದೆ, ಕೈ ಹಾಕಿ ಕೆದರಿದಳು. "ಇಲ್ಲ ಅಂದ್ರೆ ಸಾಲ್ದು ಕಣೇ, ಇಲ್ಲ ಅಂತ ಕಾಣ್ಬೇಕು" ಎಂದಳು. ಸಾಹುಕಾರರ ಹೆಂಡತಿ ಸೆರಗನ್ನು ಮೂಗಿಗೆ ಹಿಡಿದುಕೊಂಡು ನನ್ನ ಗಲ್ಲ ಎತ್ತಿ ನೋಡಿದರು. ನಾನು ಕಣ್ಣೀರು ಹಾಕಿದೆ, ಅದೂ ಅವ್ವ ಹೇಳಿಕೊಟ್ಟದ್ದೇ. ಆ ದುಡ್ಡಿನಲ್ಲಿ ನಾನು ಬಿಎಸ್ಸಿ ಮಾಡಿದೆ, ಟೀಚರಾದೆ, ಮನೆ ಕಟ್ಟಿಸಿದೆ. ಆದರೆ ನನ್ನ ಅವ್ವನ ಆ ಕೈಯನ್ನು ನಾನು ಸಾಯುವವರೆಗೆ ಕ್ಷಮಿಸಲಾರೆ. ಇಲ್ಲಿ ನೋಡಿದರೆ ಒಂದು ಲೈನಿನ ಜನ, ತಮ್ಮಲ್ಲಿದ್ದುದನ್ನೆಲ್ಲ ಹೊತ್ತು ತಂದು, ಒಬ್ಬ ಹುಡುಗಿಯನ್ನು ಸಿಂಗರಿಸಿ, ಕತ್ತು ನೇರ ಮಾಡಿಸಿ ನಿಲ್ಲಿಸಿದ್ದರು. ಅವಳಿಗೆ ಅದೂ ಇರಲಿ, ದುಡ್ಡೂ ಸಿಗಲಿ ಎಂದರೆ ನನ್ನಿಂದ ಸಹಿಸಲು ಆಗಲಿಲ್ಲ.

ತಾಯಿ ಮೆಟ್ಟಿಲ ಮೇಲೆ ಇನ್ನೂ ನಿಂತಿದ್ದಳು. "ತಪ್ಪಾಯ್ತು ಮೇಡಂ. ನಮ್ಗೆ ಈ ತರ ಅಂತ ಗೊತ್ತಿರ್ಲಿಲ್ಲ. ಯಾರೂ ಹೇಳ್ಲಿಲ್ಲ. ಹೆಂಗಿರ್ಬೇಕಿತ್ತು ಹೇಳಿ" ಎಂದಳು. ಆ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಗೊತ್ತಿಲ್ಲದ ಅಡುಗೆಯೊಂದನ್ನು ಮಾಡುವುದು ಹೇಗೆ ಎಂದು ಕೇಳುವಂತೆ ಕೇಳಿದಳು.

ನಾನು ಹೇಳಿಕೊಟ್ಟೆ. ಯಾಕೆ ಹೇಳಿಕೊಟ್ಟೆನೋ. ಬೇಗ ಕಳಿಸಿಬಿಡೋಣ ಎಂದಿರಬೇಕು, ಇಲ್ಲವೇ ಮೇಷ್ಟರ ಚಟ. "ದೊಡ್ಡವರ ಹತ್ರ ದುಡ್ಡು ಕೇಳೋವಾಗ ಹಾಗೆ ಹೋಗ್ಬೇಕಮ್ಮ. ಹುಡುಗಿ ಹಳೇ ಬಟ್ಟೆ ಹಾಕ್ಕೋಬೇಕು. ಕಿವಿ, ಕೈ ಖಾಲಿ ಇರ್ಬೇಕು. ತಲೆಗೆ ಎಣ್ಣೆ ಹಚ್ಚಿ ಬಾಚಿ ಕರ್ಕೊಂಡು ಬಂದ್ರೆ ಯಾರಿಗೆ ಕರುಣೆ ಬರುತ್ತೆ? ಕಾಲಿಗೆ ಬೀಳ್ಬೇಕು. ಮುಂದೆ ಎಲ್ಲಾದ್ರೂ ಅರ್ಜಿ ಹಾಕಿದ್ರೆ ನೆನಪಿಟ್ಕೊಳಿ" ಎಂದೆ. ಅವಳು ಪ್ರತಿಯೊಂದಕ್ಕೂ ತಲೆಯಾಡಿಸಿದಳು. ಗೇಟಿನವರೆಗೆ ಹೋಗಿ, ತಿರುಗಿ ಕೈಮುಗಿದು, ಬಸ್‌ಸ್ಟ್ಯಾಂಡಿನ ಕಡೆಗೆ ಬೇಗಬೇಗ ನಡೆದಳು. 'ಮುಂದೆ' ಎಂದು ನಾನು ಹೇಳಿದ್ದು ಅವಳಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಮುಂದೆ ಎಂಬುದು ಇಲ್ಲವೆಂದು ತಿಳಿದಿತ್ತೋ.

ಶುಕ್ರವಾರ ಹನ್ನೊಂದು ಗಂಟೆಗೆ ನಾನು ಮಂಡಿಗೆ ಹೋದೆ. ಅಡಿಕೆ ಚೀಲಗಳನ್ನು ತೂಗುತ್ತಿದ್ದರು. ಅಧ್ಯಕ್ಷರು ಗಾದಿಯ ಮೇಲೆ ಕೂತು ವರದಿಗಳನ್ನು ಓದಿ, ಚೆಕ್ ಪುಸ್ತಕ ತೆಗೆದರು. ಚೆಕ್ಕಿಗೆ ಅವರದೂ ನನ್ನದೂ ಇಬ್ಬರ ಸಹಿ ಬೇಕು. ಅವರು ಹೊಳಲೂರಿನ ಹುಡುಗನ ಹೆಸರು ಬರೆಯುತ್ತಿದ್ದಾಗ ಬಾಗಿಲಲ್ಲಿ ಇಬ್ಬರು ಹೆಂಗಸರು ಬಂದು ನಿಂತರು. ಮೊದಲು ನನಗೆ ಗುರುತು ಸಿಗಲಿಲ್ಲ.

ಹುಡುಗಿ ಹಳೆಯ ಯೂನಿಫಾರ್ಮಿನ ಚೂಡಿದಾರ ಹಾಕಿದ್ದಳು, ಭುಜದ ಹೊಲಿಗೆ ಬಿಟ್ಟಿತ್ತು. ಬರಿಗಾಲು. ತಲೆಗೂದಲು ಬಾಚಿರಲಿಲ್ಲ, ಮುಖಕ್ಕೆ ಬೀಳುತ್ತಿತ್ತು. ಅವಳ ಸ್ವಂತದ ಪುಟ್ಟ ಓಲೆಯನ್ನೂ ಬಿಚ್ಚಿಸಿದ್ದರಿಂದ ಕಿವಿಯ ತೂತು ಕೆಂಪಗಿತ್ತು. ಭದ್ರಾವತಿಯಿಂದ ಬಸ್ಸಿನಲ್ಲಿ, ಎಲ್ಲರ ಎದುರು, ಹಾಗೇ ಕೂತು ಬಂದಿದ್ದಳು. ತಾಯಿ ಅವಳ ಬೆನ್ನಿಗೆ ಕೈ ಹಾಕಿ ಮುಂದೆ ತಳ್ಳಿದಳು. ಹುಡುಗಿ ಒಂದು ಕ್ಷಣ ಮಂಡಿಯ ನೆಲ ನೋಡಿ, ಬಗ್ಗಿ, ಅಧ್ಯಕ್ಷರ ಕಾಲು ಮುಟ್ಟಿದಳು. ಹಮಾಲಿಗಳು ತೂಕ ನಿಲ್ಲಿಸಿ ನೋಡಿದರು.

ಅಧ್ಯಕ್ಷರು ಕಾಲು ಎಳೆದುಕೊಂಡರು. "ಏನಮ್ಮ ಇದು? ಭಾನುವಾರ ಮದುವೆ ಹೆಣ್ಣಿನ ತರ ಇದ್ಲು, ಇವತ್ತು ಈ ವೇಷ?"

"ಇದೇ ನಿಜ ಸರ್" ಎಂದಳು ತಾಯಿ. "ಅವತ್ತಿಂದು ಲೈನ್‌ನವ್ರ ಸಾಮಾನು. ನಮ್ದೇನೂ ಇಲ್ಲ ಸರ್. ಇವತ್ತು ಸಂಜೆಗೆ ಲಾಸ್ಟು. ಸೀಟು ಹೋಗ್ಬಿಡುತ್ತೆ."

"ಅವತ್ತು ತೋರಿಸಿದ್ದು ಸುಳ್ಳು ಅಂತ ನೀವೇ ಹೇಳ್ತೀರಿ. ಇವತ್ತು ತೋರಿಸ್ತಿರೋದು ನಿಜ ಅಂತ ನಾನು ಹೆಂಗೆ ನಂಬ್ಲಿ? ಚೀಲದ ಮೇಲೊಂದು ಮಾಲು, ತಳದಲ್ಲೊಂದು ಮಾಲು ಇಟ್ಟವ್ರ ಹತ್ರ ನಾನು ಎರಡ್ನೇ ಸಲ ವ್ಯಾಪಾರ ಮಾಡಲ್ಲಮ್ಮ. ಇದು ನಾಟಕ."

"ನಾಟಕ ಅಲ್ಲ ಸರ್!" ತಾಯಿಗೆ ದಿಕ್ಕು ತೋಚಲಿಲ್ಲ. ಸುತ್ತ ನೋಡಿದಳು, ನನ್ನನ್ನು ಕಂಡಳು. ಅವಳ ಮುಖಕ್ಕೆ ಧೈರ್ಯ ಬಂತು. "ಮೇಡಂನೇ ಕೇಳಿ ಸರ್! ಹಿಂಗೆ ಬರ್ಬೇಕು ಅಂತ ಮೇಡಂ ಅವ್ರೇ ಹೇಳಿಕೊಟ್ಟಿದ್ದು. ತಲೆ ಬಾಚ್ಬಾರ್ದು, ಕಾಲಿಗೆ ಬೀಳ್ಬೇಕು ಅಂತ."

ಅಧ್ಯಕ್ಷರು ಕನ್ನಡಕದ ಮೇಲಿಂದ ನನ್ನ ಕಡೆ ನೋಡಿದರು. "ಹೌದಾ ಮೇಡಂ?"

ಹೌದೆಂದರೆ ಎಲ್ಲವೂ ಹೊರಗೆ ಬರಬೇಕಿತ್ತು, ಲೋಟ, ವಯರು, ನೆಲದ ಗೀರು, ಗುರುವಾರದ ಸುಳ್ಳು. ಅದರ ಜೊತೆ ಅವಳ ಸೀಟೂ ಉಳಿಯುತ್ತಿತ್ತು. ಅಧ್ಯಕ್ಷರು ಮುಂಗೋಪಿ, ಆದರೆ ತಪ್ಪು ಕಂಡರೆ ತಿದ್ದಿಕೊಳ್ಳುವವರು. ಬರೆಯುತ್ತಿದ್ದ ಚೆಕ್ಕನ್ನು ಹರಿದು ಹಾಕುತ್ತಿದ್ದರು. ನನಗೆ ಅದು ಆಗಲೂ ಗೊತ್ತಿತ್ತು.

"ಇಲ್ಲ ಸರ್" ಎಂದೆ. "ನಾನು ಹಾಗೆ ಹೇಳಿಲ್ಲ."

ತಾಯಿ ನನ್ನ ಕಡೆ ಒಂದು ಹೆಜ್ಜೆ ಬಂದಳು. ಹುಡುಗಿ ಮುಖದ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿ ನನ್ನನ್ನು ನೋಡಿದಳು. ನಾನು ಬೈಗುಳಕ್ಕೆ ಸಿದ್ಧಳಾಗಿದ್ದೆ. ಬೈದರೆ ತಿರುಗಿ ಬೈಯಲು ನನ್ನ ಹತ್ತಿರ ಬೇಕಾದಷ್ಟಿತ್ತು. ಅವಳು ತಾಯಿಯ ಕೈ ಹಿಡಿದಳು.

"ಬಾಮ್ಮ. ಮೇಡಂ ಹಂಗೆ ಹೇಳಿಲ್ಲ. ನೀನೇ ತಪ್ಪು ತಿಳ್ಕೊಂಡಿದ್ದೀಯ" ಎಂದಳು. ಆಮೇಲೆ ಅಧ್ಯಕ್ಷರಿಗೆ, "ಸಾರಿ ಸರ್. ಅಮ್ಮಂಗೆ ಗಾಬರಿ, ಏನೇನೋ ಹೇಳ್ತಾಳೆ. ಮೇಡಂ ಅವ್ರನ್ನ ತಪ್ಪು ತಿಳ್ಕೋಬೇಡಿ" ಎಂದಳು.

ಅವಳಿಗೆ ಎಲ್ಲಾ ಗೊತ್ತಿತ್ತು. ಹಿಂದಿನ ರಾತ್ರಿ ತಾಯಿ ನನ್ನ ಒಂದೊಂದು ಮಾತನ್ನೂ ಅವಳಿಗೆ ಒಪ್ಪಿಸಿರಲೇಬೇಕು. ಹಾಗೆ ಒಪ್ಪಿಸಿದ್ದರಿಂದಲೇ ತಾನೇ ಅವಳು ಬರಿಗಾಲಲ್ಲಿ ನಿಂತದ್ದು. ಆದರೂ ಆ ಎಲ್ಲ ಗಂಡಸರ ಎದುರು ನನ್ನ ಮರ್ಯಾದೆ ಉಳಿಸಿದಳು. ನನಗೂ ಅಧ್ಯಕ್ಷರಿಗೂ ನಮಸ್ಕಾರ ಮಾಡಿ, ತಾಯಿಯ ತೋಳು ಹಿಡಿದುಕೊಂಡು ಚೀಲಗಳ ಮಧ್ಯೆ ದಾರಿ ಮಾಡಿಕೊಂಡು ಹೊರಗೆ ಹೋದಳು. ಅವಳ ಕತ್ತು ಭಾನುವಾರ ಇದ್ದಷ್ಟೇ ನೇರವಾಗಿತ್ತು, ಅದನ್ನು ನೋಡಿ ನನಗೆ ಮತ್ತೆ ಸಿಟ್ಟು ಬಂತು.

"ಹುಡ್ಗಿ ಒಳ್ಳೇದು, ತಾಯಿ ಸರಿಯಿಲ್ಲ" ಎಂದು ಅಧ್ಯಕ್ಷರು ಪೆನ್ನು ನನ್ನ ಕಡೆ ಚಾಚಿದರು. ಹೊಳಲೂರಿನ ಹುಡುಗನ ಚೆಕ್ಕಿಗೆ ನಾನು ಸಹಿ ಹಾಕಿದೆ. ಗೋಡೆಯ ಗಡಿಯಾರದಲ್ಲಿ ಆಗ ಹನ್ನೆರಡು ಗಂಟೆಯೂ ಆಗಿರಲಿಲ್ಲ. ಶುಲ್ಕ ಕಟ್ಟಲು ಸಂಜೆಯವರೆಗೆ ಸಮಯವಿತ್ತು. ಹುಡುಗಿಯ ಫೋನ್ ನಂಬರು ನನ್ನ ಬಳಿ ಇತ್ತು, ಅಷ್ಟು ದುಡ್ಡು ನನ್ನ ಪಿಂಚಣಿ ಖಾತೆಯಲ್ಲೂ ಇತ್ತು. ನಾನು ಆಟೋ ಹಿಡಿದು ಮನೆಗೆ ಬಂದು, ಊಟ ಮಾಡಿ, ಮಲಗಿದೆ. ಎದ್ದಾಗ ಆರು ಗಂಟೆ ಆಗಿತ್ತು.